ಪಿಕ್ಕಿಂಗ್ ಮುಗಿಯುವವರೆಗಿನ ರೈಟರು

ಕೈತುಂಬ ಕೆಲಸ ಇರುವ ಕಾಲದಲ್ಲಿ ಯಾರಿಗೂ ನಗುವಂಥದ್ದು ಏನೂ ಆಗುವುದಿಲ್ಲ. ಇರುವ ಕೆಲಸ ಹೋಗುತ್ತದೆ ಎಂದು ಗೊತ್ತಾದ ದಿನದಿಂದ ನೋಡಿ, ಒಂದರ ಹಿಂದೆ ಒಂದು ಶುರುವಾಗುತ್ತದೆ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಮೈಮೇಲೆ ಬಂದದ್ದನ್ನು ಹೇಳುತ್ತಿದ್ದೇನೆ.

ಕೊಡಗು ಆಗ ಬೇರೆಯೇ ಒಂದು ರಾಜ್ಯ. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ ಇತ್ತು. ಇಡೀ ರಾಜ್ಯಕ್ಕೆ ಮಂತ್ರಿಗಳೇ ಇಬ್ಬರು ಅಂದ ಮೇಲೆ ಮಿಕ್ಕವರ ಕೆಲಸದ ಮಾತು ಕೇಳಬೇಡಿ. ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದಷ್ಟು ದಿನ ನಮ್ಮ ಕರಿಮೆಣಸಿನ ಬೆಲೆಯನ್ನು ಹಿಡಿಯುವವರಿರಲಿಲ್ಲ. ಮೆಣಸಿಗೂ ಯುದ್ಧಕ್ಕೂ ಏನು ಸಂಬಂಧ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅಲ್ಲಿ ಗುಂಡು ನಿಂತಿತು, ಇಲ್ಲಿ ಬೆಲೆ ಬಿತ್ತು. ಮೆಣಸಿನ ಹಿಂದೆ ಏಲಕ್ಕಿ ಬಿತ್ತು, ಮರದ ವ್ಯಾಪಾರ ಬಿತ್ತು, ಆಮೇಲೆ ಮನುಷ್ಯರು ಬೀಳತೊಡಗಿದರು.

ನಾನು ಶಿರಂಗಾಲದವನು. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರಾಗಿದ್ದೆ. ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ತೋಟಕ್ಕೆ ಅಂತ ಹಂಚುವುದು ನನ್ನ ಕೆಲಸ. ನನ್ನ ಹಾಗೇ ಇನ್ನೊಬ್ಬ ರೈಟರ್ ಇದ್ದ, ಸಂಪಾಜೆ ಕಡೆಯ ಅರೆಭಾಷೆಯವನು, ಸ್ಟೋರ್ ನೋಡುತ್ತಿದ್ದ. ನಮ್ಮ ಸಾವ್ಕಾರ್ರು ಮಿಲಿಟರಿಯಲ್ಲಿ ಜಮೇದಾರ್ ಆಗಿ ರಿಟೈರ್ ಆದ ಕೊಡವರು. ಮೀಸೆ ದೊಡ್ಡದು, ಮನಸ್ಸೂ ದೊಡ್ಡದು, ಕೋಪ ಎರಡಕ್ಕಿಂತ ದೊಡ್ಡದು.

ಒಂದು ದಿನ ಅವರು ನಮ್ಮಿಬ್ಬರನ್ನೂ ಬಂಗ್ಲೆಯ ಜಗಲಿಗೆ ಕರೆಸಿ, "ನೋಡಿ, ಇಬ್ಬರು ರೈಟರನ್ನ ಸಾಕುವ ಕಾಲ ಅಲ್ಲ ಇದು. ಪಿಕ್ಕಿಂಗ್ ಮುಗಿಯುವವರೆಗೆ ಇರಿ. ಆಮೇಲೆ ಒಬ್ಬ ಸಾಕು. ಯಾರಂತ ನಾನು ನೋಡ್ತೇನೆ" ಎಂದರು.

ನನ್ನ ಜೀವ ಬಾಯಿಗೆ ಬಂತು. ಯಾಕೆಂದರೆ ನನ್ನ ಮದುವೆ ನಿಶ್ಚಯವಾಗಿತ್ತು, ಅದೂ ಪಿಕ್ಕಿಂಗ್, ಅಂದರೆ ಕಾಫಿ ಕೊಯ್ಲು, ಮುಗಿದ ಮೇಲೆಯೇ. ಹುಡುಗಿಯ ಅಪ್ಪ ಕುಶಾಲನಗರದ ಒಂದು ಮರದ ಮಿಲ್ಲಿನಲ್ಲಿ ರೈಟರು. ವೀಳ್ಯ ಕೊಡುವಾಗಲೇ ಎಲ್ಲರೆದುರು ಅವರು ಹೇಳಿದ್ದರು: "ಹೊಲ ಎಷ್ಟೈತೆ ಅಂತ ನಾ ಕೇಳಕಿಲ್ಲ. ಹುಡ್ಗನಿಗೆ ಕೆಲ್ಸ ಇರ್ಬೇಕು. ಕೆಲ್ಸ ಇಲ್ದೋನಿಗೆ ನಮ್ ಹುಡ್ಗೀನ ಕೊಡಾದಿಲ್ಲ." ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ. ಕಾಫಿ ತಂದುಕೊಟ್ಟವಳು, ನಾನು ಅವಸರದಲ್ಲಿ ಕುಡಿದು ನಾಲಿಗೆ ಸುಟ್ಟುಕೊಂಡದ್ದನ್ನು ನೋಡಿ ಮುಖ ತಿರುಗಿಸಿ ನಕ್ಕಿದ್ದಳು. ಅವಳಲ್ಲದೆ ಬೇರೆ ಯಾರೂ ಬೇಡ ಎಂದು ನಾನು ಆ ಸುಟ್ಟ ನಾಲಿಗೆಯಲ್ಲೇ ತೀರ್ಮಾನ ಮಾಡಿದ್ದೆ.

ಬೋರ್ಡು

ಆ ವರ್ಷ ನಮ್ಮ ಗೇಟಿನ ಮುಂದೆ ದಿನವೂ ಕೆಲಸ ಕೇಳುವವರ ಸಾಲು. ಮರದ ಡಿಪೋ ಬಿಟ್ಟವರು, ಬೇರೆ ಎಸ್ಟೇಟಿನಿಂದ ಹೊರಬಿದ್ದವರು, ಘಟ್ಟದ ಕೆಳಗಿನಿಂದ ಬಂದವರು. ಒಬ್ಬೊಬ್ಬರಿಗೂ ಇಲ್ಲ ಎಂದು ಹೇಳಿ ಹೇಳಿ ಸಾವ್ಕಾರ್ರ ಗಂಟಲು ಹೋಯಿತು. ಕೊನೆಗೆ, "ಒಂದು ಬೋರ್ಡ್ ಬರೆಸಿ ಹಾಕು, ಇಲ್ಲಿ ಯಾವ ಕೆಲಸವೂ ಇಲ್ಲ ಅಂತ" ಎಂದರು.

ಸಿದ್ದಾಪುರದಲ್ಲಿ ಒಬ್ಬ ಬೋರ್ಡು ಬರೆಯುವವನಿದ್ದ. ಪಾಪ, ಎರಡು ತಿಂಗಳಿಂದ ಬ್ರಷ್ಷು ಒಣಗಿಸಿಕೊಂಡು ಕೂತಿದ್ದ. ನಾನು ಹೋಗಿ ಹೇಳಿದಾಗ ಕಣ್ಣಲ್ಲಿ ನೀರು ತಂದುಕೊಂಡ. ಕೆಂಪು ಬಣ್ಣದಲ್ಲಿ ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಚಂದವಾಗಿ ಬರೆದುಕೊಟ್ಟ. ಓದು ಬಾರದವರಿಗೂ ತಿಳಿಯಲಿ ಎಂದು ಕೆಳಗೆ ಅಡ್ಡ ಕೈಯಾಡಿಸುವ ಮನುಷ್ಯನ ಚಿತ್ರವೊಂದನ್ನು ಪುಕ್ಕಟೆ ಸೇರಿಸಿದ.

ನಮ್ಮ ಬೋರ್ಡು ನೋಡಿ ಪಕ್ಕದ ಎಸ್ಟೇಟಿನವರು ಒಂದು ಬರೆಸಿದರು. ಅವರದ್ದು ನೋಡಿ ಅದರಾಚೆಯವರು. ಪಾಲಿಬೆಟ್ಟ, ಅಮ್ಮತ್ತಿ, ನೆಲ್ಯಹುದಿಕೇರಿ, ಎಲ್ಲ ಕಡೆಯಿಂದಲೂ ಆರ್ಡರು. ಇಡೀ ಸೀಮೆಯಲ್ಲಿ ಬಿಡುವಿಲ್ಲದೆ ಕೆಲಸವಿದ್ದವನು ಅವನೊಬ್ಬನೇ. ಹೊಸ ಅಂಗಿ ಬಂತು, ಸೈಕಲ್ಲು ಬಂತು, ಸ್ವಲ್ಪ ಹೊಟ್ಟೆಯೂ ಬಂತು.

ಒಂದು ದಿನ ಅವನ ಅಂಗಡಿ ಮುಂದೆ ಹೋದೆ. ಜನ ಮುತ್ತಿಕೊಂಡಿದ್ದಾರೆ, ಎಲ್ಲರೂ ಕೆಲಸ ಕೇಳಲು ಬಂದವರು. ಬಣ್ಣ ಕಲಸುತ್ತೇವೆ, ಏಣಿ ಹಿಡಿಯುತ್ತೇವೆ ಎಂದು ಗೋಗರೆಯುತ್ತಿದ್ದಾರೆ. ಇವನು ಒಳಗೆ ಕೂತು ಬೆವರು ಒರೆಸಿಕೊಳ್ಳುತ್ತ ಬರೆಯುತ್ತಿದ್ದ.

"ಇದು ಯಾವ ಎಸ್ಟೇಟಿಗೆ?" ಎಂದೆ.

"ಎಸ್ಟೇಟಿಗಲ್ಲ ರೈಟರೇ, ನಮ್ಮ ಅಂಗಡಿಗೇ" ಎಂದ.

ಗಂಟೆ

ಇಬ್ಬರಲ್ಲಿ ಒಬ್ಬ ಎಂದ ಮೇಲೆ ಸ್ಟೋರಿನವನಿಗೂ ನನಗೂ ಕೆಲಸದ ಹುಚ್ಚು ಹಿಡಿಯಿತು. ಅವನು ಸ್ಟೋರನ್ನು ದಿನಕ್ಕೆ ಎರಡು ಸಲ ಗುಡಿಸುತ್ತಿದ್ದ. ನಾನು ಮೂರು ಸಲ ತೋಟ ಸುತ್ತುತ್ತಿದ್ದೆ. ಸಾವ್ಕಾರ್ರು ಕೆಮ್ಮಿದರೆ ಇಬ್ಬರೂ ಬಿಸಿನೀರು ತರಲು ಓಡುತ್ತಿದ್ದೆವು.

ಹಾಜರಿಗೆ ಆಳುಗಳನ್ನು ಕರೆಯಲು ಸ್ಟೋರಿನ ಮುಂದೆ ಒಂದು ರೈಲುಕಂಬಿಯ ತುಂಡು ನೇತುಹಾಕಿತ್ತು. ಬೆಳಿಗ್ಗೆ ಏಳಕ್ಕೆ ಅದನ್ನು ಬಾರಿಸುವುದು ನನ್ನ ಕೆಲಸ. ಒಂದು ದಿನ ಆರೂಮುಕ್ಕಾಲಿಗೇ ಗಂಟೆ ಕೇಳಿಸಿತು. ಓಡಿಹೋಗಿ ನೋಡಿದರೆ ಸ್ಟೋರಿನವನು!

"ಎಂತ ಮಾಡ್ದು ಮಾರಾಯ, ನೀನು ಬರುವಾಗ ತಡ ಆತಲ್ಲ?" ಎಂದು ಹಲ್ಲು ಬಿಟ್ಟ.

ಬಂಗ್ಲೆಯ ಕಿಟಕಿ ಪೂರ್ತಿ ತೆರೆದಿತ್ತು. ಸಾವ್ಕಾರ್ರು ನೋಡಿಯೇ ಇರುತ್ತಾರೆ. ನನಗೆ ಉರಿದುಹೋಯಿತು. ಮಾರನೆಯ ದಿನ ನಾನು ಆರೂವರೆಗೆ ಬಾರಿಸಿದೆ. ಅದರ ಮರುದಿನ ಅವನು ಆರಕ್ಕೆ. ಹೀಗೇ ಹತ್ತು ದಿನ ಕಳೆಯುವಷ್ಟರಲ್ಲಿ ಕೋಳಿಗಿಂತ ಮೊದಲು ನಮ್ಮ ಗಂಟೆ ಕೂಗುತ್ತಿತ್ತು. ಲೈನುಮನೆಗಳ ಆಳುಗಳು ಕಂಬಳಿ ಹೊದ್ದುಕೊಂಡೇ ಬಂದು ನಿಲ್ಲುತ್ತಿದ್ದರು. ಯಾರು ಬಂದಿದ್ದಾರೆ ಯಾರು ಬಂದಿಲ್ಲ ಅಂತ ನನಗೆ ಮುಖ ಕಾಣುತ್ತಿರಲಿಲ್ಲ, ದನಿ ಕೇಳಿ ಹಾಜರಿ ಹಾಕುತ್ತಿದ್ದೆ.

ಲೈನಿನ ಹಿರಿಯಾಕೆಯೊಬ್ಬಳು ಕೊನೆಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂತ ರೈಟರೇ, ಕಾಫಿ ಹಣ್ಣು ಕೆಂಪಾ ಹಸಿರಾ ಕಾಣುದಿಲ್ಲ. ತಡಕಿ ತಡಕಿ ಕೊಯ್ಯುದಾ ನಾವು? ನಿಮ್ಮಿಬ್ಬರ ಕೆಲಸ ಉಳೀಲಿಕ್ಕೆ ನಮ್ಮ ನಿದ್ರೆ ಯಾಕೆ ಹೋಗಬೇಕು?" ಎಂದಳು.

ಅವಳ ಮಾತು ಮುಗಿಯುವ ಮೊದಲೇ ಬಂಗ್ಲೆಯ ಬಾಗಿಲು ಧಡಾರನೆ ತೆರೆಯಿತು. ಈ ಹೊತ್ತಲ್ಲಿ ಗಂಟೆಯೆಂದರೆ ಕಾಡಾನೆಯೇ ನುಗ್ಗಿರಬೇಕು ಎಂದುಕೊಂಡು ಸಾವ್ಕಾರ್ರು ಪಟಾಪಟಿ ಚಡ್ಡಿಯಲ್ಲೇ ಕೋವಿ ಹಿಡಿದು ಮೆಟ್ಟಿಲು ಹಾರಿ ಬಂದು, ಆಕಾಶಕ್ಕೆ ಒಂದು ಈಡು ಹಾರಿಸಿ, "ಎಲ್ಲಿ? ಎಷ್ಟುಂಟು?" ಎಂದು ಗರ್ಜಿಸಿದರು.

ಹಾಜರಿ ಪುಸ್ತಕ ಹಿಡಿದವನು ನಾನಾದ್ದರಿಂದ ಲೆಕ್ಕ ಕೇಳಿದ್ದು ನನ್ನನ್ನೇ ಎಂದುಕೊಂಡೆ. "ಅರವತ್ತೆರಡು ಸಾವ್ಕಾರ್ರೇ. ಇಬ್ಬರಿಗೆ ಜ್ವರ" ಎಂದೆ.

ಕಾವಲುಗಾರನ ಇಂಟರ್ವ್ಯೂ

ಕಿತ್ತಳೆ ಹಣ್ಣಾಗುವ ಹೊತ್ತಿಗೆ ಕಾಯಲು ಒಬ್ಬ ಬೇಕಾಯಿತು. ಕೊಡಗಿನಲ್ಲಿ ಕಾವಲುಗಾರ ಬೇಕು ಎಂದರೆ ಅರ್ಧ ಸೈನ್ಯವೇ ಬಂದು ನಿಲ್ಲುತ್ತದೆ. ಮನೆಗೊಬ್ಬ ರಿಟೈರಾದ ಯೋಧ, ಯಾರಿಗೂ ಕೆಲಸವಿಲ್ಲ. ಸಾವ್ಕಾರ್ರಿಗೆ ಇದು ಬಹಳ ಖುಷಿಯ ಕೆಲಸ. ಬೂಟು ತಿಕ್ಕಿಸಿಕೊಂಡು, ಕೋಟು ಹಾಕಿಕೊಂಡು ಜಗಲಿಯಲ್ಲಿ ಕುರ್ಚಿ ಮೇಲೆ ಕೂತರು. ನಾನು ಪಕ್ಕದಲ್ಲಿ ಹೆಸರು ಬರೆಯಲು.

ಬಂದವರನ್ನೆಲ್ಲ ನಿಲ್ಲಿಸಿ, ನಡೆಸಿ, ತಿರುಗಿಸಿ ನೋಡಿದರು. ಒಬ್ಬನ ಹೊಟ್ಟೆಗೆ ಬೆತ್ತದಿಂದ ತಿವಿದು "ಇದೆಂತ?" ಎಂದರು. ಐದನೆಯವರು ತೆಳ್ಳಗಿನ ಹಿರಿಯರು, ಬಿಳಿ ಮೀಸೆ, ಇಸ್ತ್ರಿ ಮಾಡಿದ ಹಳೇ ಕೋಟು.

"ಪಲ್ಟನ್ ಯಾವುದು?" ಎಂದರು ಸಾವ್ಕಾರ್ರು. ಅವರು ಹೇಳಿದರು.

"ಓಹೋ, ನಮ್ಮದೇ! ರ್ಯಾಂಕ್?"

"ಸುಬೇದಾರ್ ಮೇಜರ್."

ನಮ್ಮ ಜಮೇದಾರ್ ಸಾವ್ಕಾರ್ರು ಕುರ್ಚಿಯಿಂದ ಚಿಮ್ಮಿ ಎದ್ದು, ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ಕೆಲಸ ಕೇಳಲು ಬಂದ ಆ ಹಿರಿಯರು ನಿಧಾನವಾಗಿ ಬಂದು ಖಾಲಿಯಾದ ಕುರ್ಚಿಯಲ್ಲಿ ಕೂತರು. ಸಾವ್ಕಾರ್ರು ನಿಂತೇ ಇದ್ದಾರೆ! "ಆರಾಮ್ ಸೇ" ಎಂದು ಅವರು ಹೇಳಿದ ಮೇಲೆಯೇ ಕೈ ಇಳಿಸಿದ್ದು.

ಆಮೇಲೆ ಇಂಟರ್ವ್ಯೂ ಮಾಡಿದ್ದು ಅವರು. "ನಿಮ್ಮ ಕಣದಲ್ಲಿ ಯಾಕೆ ಹುಲ್ಲು ಬೆಳೆದುಂಟು?" ಎಂದರು. ಸ್ಟೋರು ನೋಡಿದರು, ಲೈನು ನೋಡಿದರು, ಕೊನೆಗೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಈತನಿಗೆ ಕ್ಷೌರ ಮಾಡಿಸಿ" ಎಂದು ಅಪ್ಪಣೆ ಕೊಟ್ಟರು. ಸಾವ್ಕಾರ್ರು ಹಿಂದೆ ಹಿಂದೆ "ಆಯಿತು ಸಾಬ್, ಆಯಿತು ಸಾಬ್" ಎಂದುಕೊಂಡು ಓಡುತ್ತಿದ್ದರು. ಮಧ್ಯಾಹ್ನ ಪಂದಿಕರಿ, ಕಡಂಬುಟ್ಟು ಊಟ ಹಾಕಿ, ಒಂದು ಬುಟ್ಟಿ ಕಿತ್ತಳೆ ಕೊಟ್ಟು ಬಸ್ಸಿನವರೆಗೆ ಬಿಟ್ಟು ಬಂದರು.

"ಕೆಲಸ ಕೊಟ್ಟಿರಾ ಸಾವ್ಕಾರ್ರೇ?" ಎಂದೆ.

"ಹುಚ್ಚಾ ನಿನಗೆ? ಅವರನ್ನ ಕಾವಲಿಗೆ ಇಟ್ಟರೆ ನಾನು ನನ್ನ ಮನೆಯಲ್ಲಿ ಕೂರುವುದು ಹೇಗೆ? ಇನ್ನು ಗೇಟಿನಲ್ಲೇ ರ್ಯಾಂಕ್ ಕೇಳು. ಹವಾಲ್ದಾರಿಗಿಂತ ಮೇಲಿನವರಾದರೆ ನಾನು ಊರಲ್ಲಿಲ್ಲ."

ಸುಬೇದಾರ್ ಮೇಜರರಿಗೆ ಕೆಲಸ ಸಿಗಲಿಲ್ಲ ನಿಜ. ಆದರೆ ಮುಂದೆ ಪ್ರತಿ ತಿಂಗಳ ಮೊದಲ ಭಾನುವಾರ ಅವರು ತಪ್ಪದೆ ಬಂದು ಎಸ್ಟೇಟನ್ನು ಇನ್ಸ್‌ಪೆಕ್ಷನ್ ಮಾಡಿ, ಊಟ ಮಾಡಿ ಹೋಗುತ್ತಿದ್ದರು.

ಪರ್ಮನೆಂಟ್ ನೌಕರ

ಅಕ್ಷರ ಬಲ್ಲವನೆಂದು ಸುತ್ತಲಿನವರಿಗೆ ಅರ್ಜಿ ಬರೆದುಕೊಡುವುದೂ ನನಗೇ ಬಿದ್ದಿತ್ತು. ಒಂದು ಭಾನುವಾರ ಹೊಳೆಯಾಚೆಯ ಆನೆ ಕ್ಯಾಂಪಿನಿಂದ ಒಬ್ಬ ಕಾವಾಡಿ ಬಂದ. ಕಾವಾಡಿ ಎಂದರೆ ಮಾವುತನ ಕೈಕೆಳಗೆ ಸೊಪ್ಪು ತಂದು ಹಾಕಿ, ಆನೆಯನ್ನು ತೊಳೆದು ಸಾಕುವವನು. ಮರಕ್ಕೆ ಗಿರಾಕಿ ಇಲ್ಲದೆ ಆನೆಗಳು ಸುಮ್ಮನೆ ನಿಂತಿದ್ದವು, ಕಾವಾಡಿಗಳನ್ನು ಕೆಲಸದಿಂದ ಬಿಡಿಸುತ್ತಾರೆ ಎಂದು ಸುದ್ದಿ ಇತ್ತು.

"ಆನೇನೂ ಬಿಡುಸ್ತಾರಾ?" ಎಂದೆ.

"ಅದ್ನ ಹೆಂಗೆ ಬಿಡುಸ್ತಾರೆ ಸ್ವಾಮಿ? ಅದು ಪರ್ಮನೆಂಟು" ಎಂದ. "ಅದಕ್ಕೆ ದಿನಾ ರಾಗಿಮುದ್ದೆ, ಬೆಲ್ಲ. ಹೊಟ್ಟೆ ನೋವಾದ್ರೆ ಡಾಕ್ಟ್ರು. ವಯಸ್ಸಾದ್ರೆ ರಿಟೈರು. ನಾನು ದಿನಗೂಲಿ. ಮಳೇಲಿ ನೆಂದ್ರೆ ಅದು ಸೀನ್ತದಾ ಅಂತ ಎಲ್ರೂ ಬಂದು ನೋಡ್ತಾರೆ. ನಾನು ಸೀನಿದ್ರೆ ಆನೆಗೆ ಅಂಟ್ತದೆ, ದೂರ ನಿಲ್ಲು ಅಂತಾರೆ."

ಅವನ ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಏನು ಬರೆಯಲಿ ಎಂದೆ. ಅವನು ಆಗಲೇ ಯೋಚಿಸಿಕೊಂಡು ಬಂದಿದ್ದ. ಸರ್ಕಾರಿ ಕೆಲಸದಲ್ಲಿದ್ದ ಅಪ್ಪ ರಿಟೈರಾದರೆ ಮಗನನ್ನು ತೆಗೆದುಕೊಳ್ಳುತ್ತಾರಂತೆ. ಈ ಆನೆ ಮುದಿಯಾಗಿದೆ. ಅದರ ಜೊತೆ ತಾನು ಹದಿನೆಂಟು ವರ್ಷ ಇದ್ದೇನೆ, ಬೇರೆ ಮಕ್ಕಳು ಅದಕ್ಕಿಲ್ಲ. ಆದ್ದರಿಂದ ಅದು ರಿಟೈರಾದ ಮೇಲೆ ಅದರ ಕೆಲಸವನ್ನು ತನಗೆ ಕೊಡಬೇಕು. ಹಾಗೇ ಬರೆದೆ.

ಹದಿನೈದು ದಿನ ಬಿಟ್ಟು ಬಂದ. ರೇಂಜರ್ ಸಾಹೇಬರು ಅರ್ಜಿ ಓದಿ ಅಂಗಳದಲ್ಲಿದ್ದ ದೊಡ್ಡ ಬೀಟೆ ದಿಮ್ಮಿಯನ್ನು ತೋರಿಸಿ, ಇದನ್ನು ಹೊಳೆಯ ತನಕ ಎಳೆದರೆ ನಾಳೆಯೇ ಆರ್ಡರ್ ಎಂದರಂತೆ.

"ನೀನೇನಂದೆ?"

"ಅರ್ಧ ಸಂಬಳ ಕೊಟ್ರೆ ಅರ್ಧ ದೂರ ಎಳೀತೀನಿ ಅಂದೆ."

ರೇಂಜರ್ ನಕ್ಕು ನಕ್ಕು ಸುಸ್ತಾಗಿ, ಅವನನ್ನು ಮಾತ್ರ ಬಿಡಿಸಬೇಡಿ ಎಂದು ಬರೆದುಬಿಟ್ಟರಂತೆ. ನನ್ನ ಅರ್ಜಿಯಿಂದ ಆ ವರ್ಷ ಉಳಿದ ಕೆಲಸ ಅದೊಂದೇ.

ಮಾವನವರ ವಿಚಾರಣೆ

ಪಿಕ್ಕಿಂಗ್ ಮುಗಿಯಲು ಒಂದು ವಾರವಿತ್ತು. ಸಾವ್ಕಾರ್ರು ಬಾಯಿ ಬಿಟ್ಟಿರಲಿಲ್ಲ. ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವತ್ತು ನನ್ನನ್ನು ಯಾವುದೋ ಕಾಗದ ಕೊಟ್ಟು ಬರಲು ಮಡಿಕೇರಿಗೆ ಕಳಿಸಿದ್ದರು. ಅದೇ ದಿನ ನನ್ನ ಭಾವೀ ಮಾವ ಕೊಡೆ ಹಿಡಿದುಕೊಂಡು ಎಸ್ಟೇಟಿಗೆ ಬಂದರು. ಎಲ್ಲೆಲ್ಲೂ ಜನರನ್ನು ಬಿಡಿಸುತ್ತಿರುವ ಸುದ್ದಿ ಕೇಳಿ, ಹುಡುಗನ ಕೆಲಸ ಗಟ್ಟಿ ಇದೆಯೋ ಇಲ್ಲವೋ ಎಂದು ನೋಡಿಹೋಗಲು.

ನಮ್ಮ ಕಡೆ ಹೆಣ್ಣು ಗಂಡಿನ ವಿಚಾರಣೆಗೆ ಹೋದವರು ಬಂದ ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹುಡುಗನನ್ನು ನಂಬಲಿಲ್ಲ ಎಂದಾಗುತ್ತದೆ, ಅವಮಾನ. ಮಳೆ ಬೆಳೆ ಮಾತಾಡಿ, ನಡುವೆ ನಡುವೆ ಒಂದೊಂದು ಕೇಳಿ ತಿಳಿದುಕೊಂಡು ಬರಬೇಕು. ಮಾವ ಹಾಗೇ ಮಾಡಿದರು. ಸಾವ್ಕಾರ್ರಿಗೋ ಆ ವರ್ಷ ಗೇಟು ದಾಟಿ ಬಂದವರೆಲ್ಲ ಕೆಲಸ ಕೇಳುವವರೇ. ಆಮೇಲೆ ಇಬ್ಬರ ಬಾಯಲ್ಲೂ ಕೇಳಿ ನಾನು ಜೋಡಿಸಿಕೊಂಡ ಮಾತುಕತೆ ಇದು.

"ಇಲ್ಲಿ ರೈಟರಿಗೆ ಇರಾಕೆ ಮನೆ ಐತಾ?" ಎಂದರು ಮಾವ.

"ಉಂಟು. ಎರಡು ಕೋಣೆ, ಅಡುಗೆಮನೆ."

"ನೀರು ದೂರನಾ? ಹೆಣ್ಮಕ್ಳು ತರಂಗೈತಾ?"

"ಹಿತ್ತಲಲ್ಲೇ ಬಾವಿ."

"ಆನೆ ಗೀನೆ ಬತ್ತವಾ?"

"ಬಂದರೆ ನಾನಿದ್ದೇನೆ."

ಸಾವ್ಕಾರ್ರಿಗೆ ಬಹಳ ಹಿಡಿಸಿತಂತೆ. ಎಲ್ಲರೂ ಕಾಲಿಗೆ ಬೀಳುತ್ತಾರೆ, ಈ ಮನುಷ್ಯ ಸೊಸೈಟಿಯಲ್ಲಿ ಬಟ್ಟೆ ಆರಿಸುವವರಂತೆ ಕೆಲಸವನ್ನು ತಿರುವಿ ತಿರುವಿ ನೋಡುತ್ತಿದ್ದಾರೆ! ಈಗ ಅವರು ಶುರು ಮಾಡಿದರು. "ಕುಡಿತ ಗಿಡಿತ?"

ಸಾವ್ಕಾರ್ರು ಗಂಡಿನ ಕಡೆಯ ಹಿರಿಯರಾಗಿ ನಮ್ಮ ಮನೆತನ ವಿಚಾರಿಸುತ್ತಿದ್ದಾರೆ ಎಂದುಕೊಂಡು ಮಾವ ಎದೆ ಸೆಟೆಸಿದರು. "ನಮ್ ವಂಸದಲ್ಲೇ ಇಲ್ಲ."

"ಬೆಳಿಗ್ಗೆ ಏಳುವುದು ಎಷ್ಟಕ್ಕೆ?"

"ಆರಕ್ಕೆ. ಅದಕ್ಕೂ ಮುಂಚೆ ಎದ್ದು ಮಾಡಾದು ಏನೈತೆ?"

ಗಂಟೆಯ ಕಾಟದಲ್ಲಿ ಬೆಂದಿದ್ದ ಸಾವ್ಕಾರ್ರಿಗೆ ಕಿವಿಗೆ ಜೇನು ಸುರಿದಂತಾಯಿತು. "ರೈಟರ್ ಕೆಲಸ ಗೊತ್ತುಂಟಾ?"

"ಗೊತ್ತಿಲ್ದೆ! ಇಪ್ಪತ್ತು ವರ್ಸ ಮಿಲ್ಲಲ್ಲಿ ಅದೇ ಮಾಡ್ದೋನು" ಎಂದ ಮಾವ, ಅಷ್ಟು ಹೊತ್ತು ತಡೆದುಕೊಂಡಿದ್ದ ನಿಟ್ಟುಸಿರು ಬಿಟ್ಟರು. "ಮಿಲ್ಲು ನಿಂತು ಮೂರು ತಿಂಗ್ಳಾತು."

ಅದನ್ನು ಅವರು ನಮಗೆ ಯಾರಿಗೂ ಹೇಳಿರಲಿಲ್ಲ! ಕೆಲಸವಿಲ್ಲದವನಿಗೆ ಹೆಣ್ಣು ಕೊಡುವುದಿಲ್ಲ ಎಂದವರು ತಾವೇ ಮೂರು ತಿಂಗಳಿಂದ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗಿ ಹೊಳೆದಂಡೆಯಲ್ಲಿ ಕೂತು ಉಂಡು ಬರುತ್ತಿದ್ದರಂತೆ.

ಸಾವ್ಕಾರ್ರು ಕುರ್ಚಿ ತಟ್ಟಿದರು. "ಸೋಮವಾರ ಬನ್ನಿ. ಕೆಲಸ ನಿಮ್ಮದು. ಮನೆಯೂ ನಿಮ್ಮದು."

ತನ್ನನ್ನು ಕೆಲಸ ಕೇಳಲು ಬಂದವನೆಂದುಕೊಂಡಿದ್ದಾರೆ ಎಂದು ಮಾವನಿಗೆ ಆಗ ತಿಳಿಯಿತು. "ಈಗ ಇರೋ ಹುಡ್ಗ?"

"ಇಬ್ಬರಿದ್ದಾರೆ, ಇಬ್ಬರೂ ಗಂಟೆ ಬಾರಿಸುವ ಹುಚ್ಚರು. ಇಬ್ಬರನ್ನೂ ಕಳಿಸಿ ಒಬ್ಬ ತಲೆ ನೆಟ್ಟಗಿರುವ ಹಿರಿಯರನ್ನ ಇಡಬೇಕಂತಿದ್ದೆ. ದೇವರು ಕಳಿಸಿದ ಹಾಗೆ ನೀವು ಬಂದಿರಿ."

ಮಾವ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಯೋಚಿಸಿದರು. ಒಪ್ಪಿಕೊಂಡರು.

ಸಂಜೆ ನಾನು ಬಸ್ಸಿಳಿದು ಬರುವಾಗ ಮಾವ ಗೇಟಿನಲ್ಲಿ ಕಾಯುತ್ತಿದ್ದರು. ಎಲ್ಲ ಹೇಳಿದರು. "ಕೆಲಸ ಇಲ್ಲದವನಿಗೆ ಹೆಣ್ಣು ಕೊಡೋದಿಲ್ಲ ಅಂದವರು ನೀವು. ಈಗ ನನ್ನ ಕೆಲಸ ನೀವೇ ತಗೊಂಡಿರಿ. ಮದುವೆ ಮುರಿಯಿತು ಅಂತ ನೀವೇ ಹೇಳಿಬಿಡಿ" ಎಂದೆ. ಹೇಳುವಾಗ ಕಾಫಿ ತಂದುಕೊಟ್ಟವಳ ಆ ನಗು ನೆನಪಾಗಿ ಕಣ್ಣು ಮಂಜಾಗಿತ್ತು.

"ಏ, ಎಲ್ಲಾರ ಉಂಟಾ ಅಳಿಯಂದ್ರೇ" ಎಂದು ಮಾವ ಗಾಬರಿಯಾದರು. "ನಾ ಬ್ಯಾಡ ಅಂದಿದ್ರೆ ಬೇರೆ ಯಾವನೋ ಬಂದು ಕೂರ್ತಿದ್ದ. ಹೆಂಗೂ ಹೋಗಾ ಕೆಲ್ಸ, ಮನೇಲೇ ಇರ್ಲಿ ಅಂತ ಹಿಡ್ಕಂಡೆ. ಇನ್ನು ಮದ್ವೆ ನಿಲ್ಸೋದು ಹೆಂಗೆ? ಅಳಿಯನ ಕೆಲ್ಸಾನೂ ಕಿತ್ಕಂಡ, ಹೆಣ್ಣೂ ಕೊಡ್ನಿಲ್ಲ ಅಂತ ಜನ ನನ್ ಮಕಕ್ಕೆ ಉಗಿಯಾಕಿಲ್ವಾ?"

ಮದುವೆ ಆಯಿತು. ಸಾವ್ಕಾರ್ರು ಹೊಸ ರೈಟರ ಮಗಳ ಮದುವೆಯೆಂದು ಕೊಡವರ ಉದ್ದನೆಯ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಬಂದರು. ಮಂಟಪದಲ್ಲಿ ಬಾಸಿಂಗ ಕಟ್ಟಿಕೊಂಡು ಕೂತಿದ್ದ ನನ್ನನ್ನು ನೋಡಿ ನಿಂತಲ್ಲೇ ನಿಂತರು. ನನ್ನನ್ನು ನೋಡುತ್ತಾರೆ, ಮಾವನನ್ನು ನೋಡುತ್ತಾರೆ.

"ಅವತ್ತು ನೀವು ಬಂದದ್ದು ಎಂತಕ್ಕೆ?" ಎಂದು ಮಾವನನ್ನು ಕೇಳಿದರು.

"ಹುಡ್ಗನ ಕೆಲ್ಸ ಗಟ್ಟಿ ಐತಾ ಅಂತ ನೋಡಾಕೆ."

"ನೋಡಿದಿರಾ?"

"ನೋಡ್ದೆ. ಕೆಲ್ಸ ಗಟ್ಟಿ ಇತ್ತು ಸಾವ್ಕಾರ್ರೇ. ಹುಡ್ಗನೇ ಗಟ್ಟಿ ಇರ್ನಿಲ್ಲ."

ಸಾವ್ಕಾರ್ರು ನಕ್ಕ ನಗುವಿಗೆ ವಾಲಗದವರು ನಿಲ್ಲಿಸಿ ನೋಡಿದರು. ನಕ್ಕು ಮುಗಿಸಿ ನನ್ನ ಕಡೆ ತಿರುಗಿ, ಮಳೆ ಶುರುವಾಗುವ ತನಕ ಮಾವನ ಕೈಕೆಳಗೆ ಅಸಿಸ್ಟೆಂಟ್ ಆಗಿ ಬಾ, ಗಂಟೆ ಮಾತ್ರ ಮುಟ್ಟಬೇಡ ಎಂದರು. ಹೆಂಡತಿ ತಲೆ ಬಗ್ಗಿಸಿದ್ದವಳು ಬಾಸಿಂಗದ ಮರೆಯಲ್ಲಿ ನಗುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಮದುವೆಯಾದ ಎಂಟನೆಯ ದಿನ ಪೆಟ್ಟಿಗೆ ಹೊತ್ತುಕೊಂಡು ಹೆಂಡತಿಯ ಜೊತೆ ಎಸ್ಟೇಟಿನ ರೈಟರ ಮನೆಗೆ ಹೋದೆ. ನಾಲ್ಕು ವರ್ಷ ನಾನೇ ಇದ್ದ ಮನೆ. ಗೋಡೆಯ ಮೊಳೆ ನಾನು ಹೊಡೆದದ್ದು, ಹಿತ್ತಲಿನ ಬಾಳೆ ನಾನು ನೆಟ್ಟದ್ದು, ಒಲೆಯ ಮೇಲಿನ ಮಸಿ ಕೂಡ ನನ್ನದೇ. ಯಾವ ಬಾಗಿಲಿಗೆ ತಲೆ ಬಡಿಯುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆ ಬಾಗಿಲಲ್ಲಿ ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ನಾನು ಹೊಸ್ತಿಲ ಹೊರಗೇ ತಡವರಿಸಿದ್ದನ್ನು ನೋಡಿ ಪ್ರೀತಿಯಿಂದ ಕೈಹಿಡಿದು ಹೇಳಿದರು:

"ಬನ್ನಿ ಅಳಿಯಂದ್ರೇ, ಸಂಕೋಚ ಬ್ಯಾಡ. ಇದನ್ನ ನಿಮ್ ಮನೆ ಅಂತ್ಲೇ ತಿಳ್ಕಳಿ."